ಪಾಕದ ಬೆರಳಿಗೆ ಗೆರೆ ಬಂದದ್ದು

ನ್ಯಾಯಬೆಲೆ ಅಂಗಡಿಯ ಆ ಪುಟ್ಟ ಮಿಷನ್ನಿನ ಮೇಲೆ ಹತ್ತೂ ಬೆರಳು ಇಟ್ಟಾಗಿತ್ತು. ಒಂದಕ್ಕೂ ಅದು ಒಪ್ಪಲಿಲ್ಲ. ಕೆಂಪು ದೀಪ ಬರುವುದು, ಕುಂಯ್ ಎನ್ನುವುದು, ಅಂಗಡಿಯವನು "ಒರಸ್ಕಂಡ್ ಇನ್ನೊಂದ್ ಸತಿ ಮಡಗಿ" ಎನ್ನುವುದು. ಪಂಚೆಗೆ ಒರೆಸಿದೆ, ಸೋಪು ಹಾಕಿ ತೊಳೆದೆ, ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕೊಟ್ಟ ನಿಂಬೆಹೋಳು ತಿಕ್ಕಿದೆ. ಸಾಲಿನಲ್ಲಿದ್ದ ಇನ್ನೊಬ್ಬ, "ಬೆಲ್ಲ ಅಂಟ್ಕಂಡದೆ ಕಣಣ್ಣ, ಒಂದೀಟು ಇರುವೆ ಬುಟ್ಟು ನೆಕ್ಕುಸ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ನಾನು ಅಲ್ಲಿ ನಿಂತದ್ದು ಅಕ್ಕಿಗಾಗಿ ಅಲ್ಲ. ಎರಡು ತಿಂಗಳ ಹಿಂದೆ ಮಂಡ್ಯದ ಆಸ್ಪತ್ರೆಯಲ್ಲಿ ನನಗೆ ಮೊಮ್ಮಗಳು ಹುಟ್ಟಿದ್ದಳು. ಮಗನಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಬಂದ ಕೂಸು. ಅವಳ ಮಾತು ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ, ಆದ್ದರಿಂದ ಒಂದೇ ಸಲಕ್ಕೆ ಹೇಳಿ ಮುಗಿಸುತ್ತೇನೆ: ಮೂಗು ನನ್ನದೇ, ನಮ್ಮನೆಯವಳು ಎಷ್ಟು ಬೇಕಾದರೂ ಅಲ್ಲ ಎನ್ನಲಿ. ಆ ಕೂಸಿನ ಹೆಸರನ್ನು ಕಾರ್ಡಿಗೆ ಸೇರಿಸಬೇಕು ಎಂದು ಹೋಗಿದ್ದೆವು. ಮಗ, ಸೊಸೆ, ನಮ್ಮನೆಯವಳು, ಮೂವರದೂ ಕೂತಿತು. ನನ್ನದು ಕೂರಲಿಲ್ಲ.

"ಮನೇಲಿರೋ ಎಲ್ಲಾರ್ದೂ ಕೂರ್ಬೇಕು ದೊಡ್ಡಪ್ಪ," ಅಂಗಡಿಯವನು ಹೇಳಿದ. "ನಿಮ್ದೊಂದ್ ಬಾಕಿ ಅಂದ್ರೆ ಮಗೀನ್ ಹೆಸ್ರು ಮೇಲಕ್ ಓಗಕಿಲ್ಲ. ನಿಮ್ ಹೆಸ್ರೂ ಬಿದ್ದೋದ್ರೂ ಬಿದ್ದೋಯ್ತು."

"ಸೈನ್ ಆಕ್ತೀನಿ ಕಣಪ್ಪ. ಎಲ್ಲಿ ಪುಸ್ತಕ?"

"ಸೈನು ಯಾರಿಗ್ ಬೇಕು? ಅದು ಕೇಳ್ತಾ ಇರದು ಹೆಬ್ಬೆಟ್ಟು."

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನಾಟಿತು. ನಾನು ಓದಿದ್ದು ಮೂರನೇ ಕ್ಲಾಸು. ಆಲೆಮನೆಗೆ ಬಿದ್ದಮೇಲೆ ಅಕ್ಷರ ಮರೆತು, ನಲವತ್ತು ವಯಸ್ಸಿನವರೆಗೆ ಎಲ್ಲಿ ಹೋದರೂ ಮಸಿ ಹಚ್ಚಿಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದೆ. ಒತ್ತಿದಮೇಲೆ ಗೋಡೆಗೆ ಒರೆಸಲು ಹೋದರೆ ಬೈಸಿಕೊಳ್ಳುತ್ತಿದ್ದೆ. ಆಮೇಲೆ ಊರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಬಂದ ಮೇಷ್ಟರ ಹತ್ತಿರ ಸ್ಲೇಟು ಹಿಡಿದು ಮತ್ತೆ ಕಲಿತು, ಹೆಬ್ಬೆಟ್ಟಿನವನು ಎನ್ನಿಸಿಕೊಳ್ಳುವುದನ್ನು ಬಿಟ್ಟೆ. ಈಗ ಸೈನು ಬರುತ್ತದೆ, ಪೇಪರು ಓದಲು ಬರುತ್ತದೆ, ಇದನ್ನೂ ನಾನೇ ಬರೆಯುತ್ತಿದ್ದೇನೆ, ತಪ್ಪನ್ನು ಸೊಸೆ ತಿದ್ದುತ್ತಾಳೆ. ಇಷ್ಟೆಲ್ಲ ಆದಮೇಲೆ ಸರ್ಕಾರ ತಿರುಗಿ ಹೆಬ್ಬೆಟ್ಟಿಗೇ ಬಂದು ನಿಂತಿದೆ. ನನ್ನ ಹತ್ತಿರ ಹೆಬ್ಬೆಟ್ಟೇ ಇಲ್ಲ.

"ನಾನು ನಾನೇ ಕಣಪ್ಪ. ನಿನ್ ಮದ್ವೆಗೆ ಬೆಲ್ಲ ಇಳಿಸ್ಕೊಟ್ಟೋನು ನಾನಲ್ವಾ?"

"ನಂಗೊತ್ತು ದೊಡ್ಡಪ್ಪ. ಅದಕ್ ಗೊತ್ತಿಲ್ವಲ್ಲ," ಎಂದು ಮಿಷನ್ನು ತೋರಿಸಿದ.

ಮಾರನೇ ದಿನ ಒಬ್ಬನೇ ಮದ್ದೂರಿಗೆ ಬಸ್ಸು ಹತ್ತಿದೆ. ಅಲ್ಲಿ ಕಂಪ್ಯೂಟರ್ ಸೆಂಟರಿನಲ್ಲಿ ಕೂರುವ ಹುಡುಗಿ ನನ್ನ ಕೈಯನ್ನು ಲೈಟಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ನೋಡುವ ಮಿಷನ್ನೂ ಇತ್ತು. ಒಲೆಯ ಹೊಗೆ ಕುಡಿದು ಪೊರೆ ಬಂದಿರುವ ಕಣ್ಣು, ಅದೂ ಆಗಲಿಲ್ಲ.

"ತಾತ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ಲ. ಏನ್ ಕೆಲ್ಸ ಮಾಡ್ತೀರಾ?"

"ಪಾಕ ನೋಡ್ತೀನಿ ಕಣವ್ವ, ಆಲೆಮನೇಲಿ."

ಅವಳಿಗೆ ಗೊತ್ತಾಗಲಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಬ್ಬು ಅರೆದು ಬಂದ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುತ್ತೇವೆ. ಮೊದಲು ಕೊಳೆಯೆಲ್ಲ ಮಡ್ಡಿಯಾಗಿ ಮೇಲೇಳುತ್ತದೆ, ಅದನ್ನು ಜಾಲರಿ ಸೌಟಿನಲ್ಲಿ ತೆಗೆಯಬೇಕು. ಸುಣ್ಣದ ತಿಳಿ ಹಾಕಬೇಕು. ನೊರೆ ಬಿಳಿಯಿಂದ ಹಳದಿಗೆ ತಿರುಗುತ್ತದೆ. ಉಕ್ಕಿ ಬಂದರೆ ನಾಲ್ಕು ಹನಿ ಹರಳೆಣ್ಣೆ. ದೊಡ್ಡ ಗುಳ್ಳೆ ಪಟಪಟ ಒಡೆಯುವುದು ನಿಂತು, ಕೊಪ್ಪರಿಗೆ ಒಳಗೊಳಗೇ ಗೊಣಗಲು ಶುರುವಾದರೆ ಅಲ್ಲಿಂದಾಚೆ ಪಾಕದವನ ಪಾಲು. ಪಕ್ಕದ ಬೋಗುಣಿಯ ತಣ್ಣೀರಿಗೆ ಬೆರಳು ಅದ್ದಿ, ಸೌಟಿನ ಅಂಚಿನಿಂದ ಕುದಿಯುವ ಪಾಕವನ್ನು ಚಿವುಟಿ, ಕೂಡಲೇ ಮತ್ತೆ ನೀರಿಗೆ ತಂದು, ಹೆಬ್ಬೆಟ್ಟು ತೋರುಬೆರಳ ನಡುವೆ ಉಂಡೆ ಕಟ್ಟಬೇಕು. ಉಂಡೆ ಮೆತ್ತಗಿದ್ದೂ ಚಪ್ಪಟೆಯಾಗಬಾರದು. ಆಗ "ಇಳಿಸ್ರಿ" ಎನ್ನಬೇಕು. ಹತ್ತು ಉಸಿರಿನಷ್ಟು ತಡವಾದರೆ ಬೆಲ್ಲ ಕಲ್ಲು, ಹತ್ತು ಉಸಿರು ಮುಂಚೆಯಾದರೆ ಕೆಸರು. ಆ "ಇಳಿಸ್ರಿ" ಎನ್ನುವ ಮಾತು ನಲವತ್ತು ವರ್ಷದಿಂದ ನನ್ನದು. ದಿನಕ್ಕೆ ಎಷ್ಟು ಸಲ ಚಿವುಟುತ್ತೇನೋ ಲೆಕ್ಕವಿಲ್ಲ. ಬಲಗೈಯ ಗೆರೆಯನ್ನು ಪಾಕ ತಿಂದಿತು, ಎಡಗೈಯದನ್ನು ಸುಣ್ಣ ತಿಂದಿತು.

"ಒಂದೂವರೆ ತಿಂಗಳು ಬಿಸಿ, ಸುಣ್ಣ ಏನೂ ತಾಗಿಸ್ಬೇಡಿ ತಾತ," ಆ ಹುಡುಗಿ ಹೇಳಿದಳು. "ಬೆಣ್ಣೆನೋ ಎಣ್ಣೆನೋ ಹಚ್ತಾ ಇರಿ. ಚರ್ಮ ಹೊಸದಾಗಿ ಬಂದ್ರೆ ಗೆರೆನೂ ಬರುತ್ತೆ."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ಎದ್ದು ಬಾಗಿಲಿಗೆ ಬಂದಾಗಿತ್ತು. ಬಸ್ಸು ತಪ್ಪುತ್ತದೆ ಎಂಬ ಅವಸರ. ಆ ಅವಸರ ನನಗೆ ಏನು ಮಾಡಿತು ಎಂಬುದು ಆಮೇಲೆ ಗೊತ್ತಾಯಿತು.

ನಮ್ಮ ಆಲೆಮನೆ ಇರುವುದು ಭಾರತೀನಗರದ ರಸ್ತೆಯಲ್ಲಿ. ಕಬ್ಬು ಕಡಿತ ಜೋರಾಗಿದ್ದ ಸಮಯ, ಗಾಣ ಬಿಡುವಿಲ್ಲದೆ ತಿರುಗುತ್ತಿತ್ತು. ಯಜಮಾನರ ಎದುರು ನಿಂತು ವಿಷಯ ಹೇಳಿದೆ.

"ಸೀಜನ್ ನಡುಮಧ್ಯದಲ್ಲಿ ಕೈ ಎತ್ಕಂಡ್ ಓಯ್ತೀನಿ ಅಂತೀಯಲ್ಲಯ್ಯ," ಎಂದರು.

"ಮೊಮ್ಮಗಳ ಹೆಸ್ರು ಯಜಮಾನ್ರೆ."

"ಮೊಮ್ಮಗಳ ಹೆಸ್ರು ನಿನ್ ಹೆಬ್ಬೆಟ್ಟಲ್ಲಿ ಅದಾ?"

"ಅಂಗಂತದೆ ಗೌರ್ಮೆಂಟು."

ಅವರು ಮಳವಳ್ಳಿ ಕಡೆಯಿಂದ ಇನ್ನೊಬ್ಬ ಪಾಕದವನನ್ನು ಕರೆಸಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನಾನು ಮನೆ ಸೇರಿದೆ.

ಆ ಒಂದೂವರೆ ತಿಂಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಬೆಳಗ್ಗೆ ನಮ್ಮನೆಯವಳು ಕೂಸಿಗೆ ಎಣ್ಣೆ ತಿಕ್ಕಿ ನೀರು ಹುಯ್ಯುವಳು. ಸೊಸೆಗೆ ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನ ನಮ್ಮಲ್ಲೇ. ಕೂಸಿನದು ಮುಗಿದಮೇಲೆ ನನ್ನ ಸರದಿ.

"ಕೈ ಚಾಚಿ ಇತ್ತಗೆ, ಮಗೀಗ್ ಉಳಿದ್ ಎಣ್ಣೆ ಐತೆ," ಎನ್ನುವಳು. "ಎಂಟ್ ವರ್ಸಕ್ಕೆ ಒಂದ್ ಕೂಸ್ ಕೊಡು ಅಂದ್ರೆ ದೇವ್ರು ಎರಡ್ ಕೊಟ್ಟವ್ನೆ."

ಹತ್ತು ಬೆರಳಿಗೂ ತಿಕ್ಕಿಸಿಕೊಂಡು, ಏನೂ ಮುಟ್ಟದೆ, ಎರಡೂ ಕೈ ತೊಡೆಯ ಮೇಲೆ ಮಡಗಿಕೊಂಡು ಜಗುಲಿಯಲ್ಲಿ ಕೂರುವುದು. ಆಲೆಮನೆಯಲ್ಲಿ ಉರಿ ಹಾಕುವ ನನ್ನ ಗೆಳೆಯ ಸೈಕಲ್ಲು ನಿಲ್ಲಿಸಿ, "ಏನ್ಲಾ, ಮದ್ವಣಗಿತ್ತಿ ತರ ಕೈ ಇಟ್ಕಂಡ್ ಕುಂತಿದ್ದೀಯ? ಮದರಂಗಿ ಒಣುಗ್ತಾ?" ಎಂದು ಕೇಳಿಹೋಗುವನು. ಒಂದೇ ಸುಖವೆಂದರೆ ಕೂಸು. ಆಲೆಮನೆಯಲ್ಲಿದ್ದಿದ್ದರೆ ಅವಳು ಮೊದಲ ಸಲ ನಕ್ಕದ್ದನ್ನು ನಾನು ನೋಡುತ್ತಿರಲಿಲ್ಲ. ನಕ್ಕದ್ದು ನನ್ನನ್ನು ನೋಡಿಯೇ. ಸೂರನ್ನು ನೋಡಿ ಎನ್ನುತ್ತಾಳೆ ನಮ್ಮನೆಯವಳು, ಇರಲಿ.

ಒಂದು ಮಧ್ಯಾಹ್ನ ಮುದ್ದೆ ಮುರಿಯಲು ಕೈ ಹಾಕಿದವನು ಚಟಕ್ಕನೆ ಹಿಂದಕ್ಕೆ ತೆಗೆದೆ.

"ಏನಾಯ್ತು?" ಎಂದಳು ನಮ್ಮನೆಯವಳು.

"ಬಿಸಿ."

"ಇಷ್ಟ್ ವರ್ಸದಲ್ಲಿ ನಿಮ್ ಬಾಯಲ್ಲಿ ಆ ಮಾತ್ ಕೇಳೇ ಇರ್ಲಿಲ್ಲ."

ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಖುಷಿಯಾಯಿತು. ಸೊಸೆ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಹೆಬ್ಬೆಟ್ಟಿನ ಮೇಲೆ, ಹೊಸದಾಗಿ ಉತ್ತ ಹೊಲದಂತೆ, ಸಣ್ಣ ಸಣ್ಣ ಸಾಲು. ಕೂಸಿನ ಬೆರಳನ್ನು ಪಕ್ಕಕ್ಕಿಟ್ಟು ಅವಳದನ್ನೂ ನೋಡಿದೆವು. ಅವಳದು ಹುಟ್ಟಿ ಮೂರು ತಿಂಗಳ ಗೆರೆ, ನನ್ನದು ಒಂದು ತಿಂಗಳದ್ದು. ಮನೆಯಲ್ಲಿ ಎಲ್ಲರಿಗಿಂತ ಎಳೆಯ ಕೈ ನನ್ನದೇ ಆಯಿತು.

ಒಂದೂವರೆ ತಿಂಗಳು ತುಂಬಿದ ದಿನ ಅಂಗಡಿಗೆ ಹೋದೆ. ಬಲಗೈಯ ಐದೂ ಆಗಲಿಲ್ಲ. ಎಡಗೈಯ ನಾಲ್ಕೂ ಆಗಲಿಲ್ಲ. ಎಡ ಹೆಬ್ಬೆಟ್ಟು ಇಟ್ಟಾಗ ಹಸಿರು ಬಂತು. ಅಂಗಡಿಯವನು ನನಗಿಂತ ಮೊದಲು ಕೂಗಿದ. ಹತ್ತು ದಿನಕ್ಕೆ ಕಾರ್ಡಿನಲ್ಲಿ ಕೂಸಿನ ಹೆಸರು ಕೂತಿತು. ನಾನು ಕಾರ್ಡನ್ನು ಊರಲ್ಲಿ ಕಂಡವರಿಗೆಲ್ಲ ತೋರಿಸಿದೆ, ಓದಲು ಬಾರದವರಿಗೂ ತೋರಿಸಿದೆ.

ಐದನೇ ತಿಂಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಮ್ಮ ಅಪ್ಪ ನನ್ನ ಮಗನ ತೊಟ್ಟಿಲಿಗೆ ತಾನೇ ಪಾಕ ನೋಡಿ ಇಳಿಸಿದ ಬೆಲ್ಲ ಹಂಚಿದ್ದ. ನನ್ನ ತೊಟ್ಟಿಲಿಗೂ ಅವನ ಬೆಲ್ಲವೇ. ಪಾಕದವರ ಮನೆಯಲ್ಲಿ ಅದೊಂದು ನಡೆದು ಬಂದ ಪದ್ಧತಿ, ಅವತ್ತು ಬೇರೆ ಕೈಯ ಬೆಲ್ಲ ಹಂಚುವುದಿಲ್ಲ. ಶಾಸ್ತ್ರಕ್ಕೆ ಇನ್ನೂ ತಿಂಗಳಿಗಿಂತ ಹೆಚ್ಚು ಸಮಯವಿತ್ತು. ನಾನು ಆಲೆಮನೆಗೆ ವಾಪಸು ಬಂದೆ.

ಮಳವಳ್ಳಿಯವನು ಎದ್ದು ಜಾಗ ಬಿಟ್ಟುಕೊಟ್ಟ. ಕೊಪ್ಪರಿಗೆ ಗೊಣಗಿತು. ಬೆರಳು ನೀರಿಗೆ ಅದ್ದಿ, ಪಾಕ ಚಿವುಟಲು ಹೋದೆ. ಕೈ ನನ್ನನ್ನು ಕೇಳದೆ ಹಿಂದಕ್ಕೆ ಬಂತು. ಇನ್ನೊಂದು ಸಲ ಹೋದೆ, ಹಿಡಿದೆ. ಆದರೆ ಬೆರಳಿಗೆ ಬಿಸಿ ಎನ್ನುವುದೊಂದೇ ಕೇಳಿಸಿತು. ಬಿಸಿಯ ಆಚೆಗೆ ಪಾಕ ಏನು ಹೇಳುತ್ತಿದೆ ಎಂಬುದು ಕೇಳಿಸಲಿಲ್ಲ. ನಾಲ್ಕೂ ಕಡೆಯಿಂದ ಜನ ನನ್ನ ಬಾಯನ್ನೇ ನೋಡುತ್ತಿದ್ದಾರೆ, "ಇಳಿಸ್ರಿ" ಎನ್ನಲಿ ಎಂದು. ನಾನು ಬಣ್ಣ ನೋಡಿ ಹೇಳಿದೆ. ತಡವಾಗಿತ್ತು. ಬೆಲ್ಲ ಅಚ್ಚಿನಿಂದ ಬಿಡಿಸಲು ಬರಲಿಲ್ಲ.

"ಇದ್ನ ಮನೆ ಪಾಯಕ್ಕೆ ಆಕ್ಲಾ, ಮೂರ್ ತಲೆಮಾರು ಅಲ್ಲಾಡಕಿಲ್ಲ," ಎಂದ ಉರಿ ಹಾಕುವವನು.

ಎರಡನೆಯ ಕೊಪ್ಪರಿಗೆಯನ್ನು ಹೆದರಿ ಮುಂಚೆಯೇ ಇಳಿಸಿದೆ. ಅದು ಬಕೆಟ್ಟಿನಲ್ಲಿ ಅಂಬಲಿಯ ಹಾಗೆ ನಿಂತಿತು. ಮಾರನೇ ದಿನ ಮಗ ಶಾಖ ಅಳೆಯುವ ಕಡ್ಡಿ ತಂದುಕೊಟ್ಟ, ನೂರ ಹದಿನೆಂಟು ಡಿಗ್ರಿಗೆ ಇಳಿಸಬೇಕಂತೆ. ನೂರ ಹದಿನೆಂಟಕ್ಕೆ ಸರಿಯಾಗಿ ಇಳಿಸಿದೆ. ಅವತ್ತಿನದು ಚೌಳು ಗದ್ದೆಯ ಕೂಳೆ ಕಬ್ಬು. ಉಪ್ಪು ನೆಲದಲ್ಲಿ, ಕಡಿದ ಬುಡದಿಂದಲೇ ಮತ್ತೆ ಚಿಗುರಿ ಬೆಳೆದದ್ದು. ಅದರ ಪಾಕಕ್ಕೆ ಬೇರೆಯದೇ ಹದ. ಕಡ್ಡಿಗೆ ಗದ್ದೆ ಗೊತ್ತಿಲ್ಲ. ಬೆಲ್ಲ ಕಪ್ಪಗೆ ಬೆವರಿ ಕುಸಿಯಿತು. ಆ ಹದ ಬೇರೆ ಎಂಬುದನ್ನು ನಾನು ಬಲ್ಲೆ. ಬಲ್ಲೆ ಎಂದು ನಿಂತಲ್ಲೇ ಹೇಳಬಲ್ಲೆ. ಆದರೆ ಎಷ್ಟು ಬೇರೆ ಎಂಬುದು ತಲೆಯಲ್ಲಿ ಹುಡುಕಿದರೆ ಇರಲಿಲ್ಲ. ಅದು ಇದ್ದದ್ದು ಆ ಸವೆದ ಚರ್ಮದಲ್ಲಿ. ಅದನ್ನು ನಾನೇ ಬೆಣ್ಣೆ ಹಚ್ಚಿ, ಎಣ್ಣೆ ತಿಕ್ಕಿಸಿ ಕಳೆದಿದ್ದೆ.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸ್ವಲ್ಪ ದಿನ ಮಗು ಆಡುಸ್ಕಂಡಿರಯ್ಯ" ಎಂದರು, ಮೆತ್ತಗೆ.

ಕಾರ್ಡಿನಲ್ಲಿ ನಾನು ನಾನೇ ಎಂದಾಗಿತ್ತು. ಆಲೆಮನೆಯಲ್ಲಿ ನಾನು ಯಾರು ಎಂಬುದು ಗೊತ್ತಿರಲಿಲ್ಲ. ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, "ಪಾಕದೋನು" ಎಂದೇ ಎಲ್ಲರೂ ಅನ್ನುವುದು. ಮನೆಯಲ್ಲಿ ಸಿಡಿಮಿಡಿ. ಸಾರು ಸಪ್ಪೆ ಎಂದೆ, ಮಗನನ್ನು ಬೈದೆ, ಆ ಕಡ್ಡಿಯನ್ನು ಸೂರಿಗೆ ಸಿಕ್ಕಿಸಿದೆ. ಕೂಸನ್ನು ಎತ್ತಿಕೊಂಡಾಗಲೂ ಮನಸ್ಸು ಕೊಪ್ಪರಿಗೆಯ ಹತ್ತಿರವೇ ಇತ್ತು. ಅದು ನನಗೆ ಇನ್ನೂ ಕೋಪ ತಂದಿತು.

ಕೊನೆಗೆ ಮದ್ದೂರಿನ ಆ ಹುಡುಗಿಯ ಹತ್ತಿರವೇ ಹೋದೆ. ಈ ಗೆರೆ ಮತ್ತೆ ಹೋದರೆ ಹೆಸರೂ ಹೋಗುತ್ತದೆಯೇ ಎಂದು ಕೇಳಬೇಕಿತ್ತು.

"ತಾತ, ಗೆರೆ ಬರ್ಲಿ ಅಂತ ಬಂದಿದ್ರಿ, ಈಗ ಹೋಗ್ಲಿ ಅಂತೀರಾ?"

"ಕೆಲ್ಸ ಓಯ್ತು ಕಣವ್ವ."

ಅವಳು ಕಂಪ್ಯೂಟರಿನಲ್ಲಿ ಏನೋ ನೋಡಿದಳು. "ನಿಮ್ದು ಕೂತಿರೋದು ಎಡಗೈ ಹೆಬ್ಬೆಟ್ಟು. ಅದೊಂದನ್ನ ಕಾಪಾಡ್ಕೊಳಿ. ಮುಂದೆ ಕೇಳಿದ್ರೂ ಅದನ್ನೇ ಇಡಿ."

"ಮಿಕ್ಕ ಒಂಬತ್ತು?"

"ಮಿಕ್ಕವು ನಿಮ್ಮಿಷ್ಟ. ಒಂದು ಬೆರಳು ಬಂದ್ರೆ ಸಾಕು ಅಂತ ಅವತ್ತೇ ಹೇಳ್ತಾ ಇದ್ದೆ. ನೀವು ಎದ್ದು ಹೋಗ್ಬಿಟ್ರಿ."

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಒಂದು ಬೆರಳು. ಒಂದನ್ನು ಬಟ್ಟೆ ಸುತ್ತಿ ಬಿಟ್ಟಿದ್ದರೆ ಮಿಕ್ಕ ಒಂಬತ್ತರಲ್ಲಿ ಒಂದು ದಿನವೂ ತಪ್ಪದೆ ಪಾಕ ನೋಡಬಹುದಿತ್ತು. ನಾನು ಪಾಕಕ್ಕೆ ಹತ್ತು ಬೆರಳನ್ನೂ ಕೊಟ್ಟವನು, ಸರ್ಕಾರಕ್ಕೂ ಹತ್ತನ್ನೂ ಕೊಟ್ಟೆ. ಬಸ್ಸಿನ ಅವಸರಕ್ಕೆ. ಆ ಬಸ್ಸೂ ಅವತ್ತು ಅರ್ಧ ಗಂಟೆ ತಡವಾಗಿ ಬಂದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ. ಎಡ ಹೆಬ್ಬೆಟ್ಟು ಇನ್ನು ಮೇಲೆ ಪಾಕ, ಸುಣ್ಣ, ಉರಿ ಏನನ್ನೂ ಮುಟ್ಟುವುದಿಲ್ಲ. ಬಲಗೈಗೆ ಮೊದಲಿನಿಂದ ಕಲಿಸಬೇಕು. ಕಲಿಸಬೇಕಾದರೆ ಕಲಿಯುವವನಾಗಿ ಹೋಗಬೇಕು. ನಮ್ಮ ಅಪ್ಪ ನನಗೆ ಬಾಯಲ್ಲಿ ಏನನ್ನೂ ಹೇಳಿಕೊಟ್ಟವನಲ್ಲ. ತಾನು ಉಂಡೆ ಕಟ್ಟಿದಮೇಲೆ ಅದನ್ನು ನನ್ನ ಬೆರಳ ನಡುವೆ ಇಟ್ಟು, ಮೇಲಿಂದ ತನ್ನ ಬೆರಳು ಒತ್ತುತ್ತಿದ್ದ. ಅಷ್ಟೇ ಪಾಠ. ಈಗ ಅಪ್ಪ ಇಲ್ಲ. ಇದ್ದವನು ಮಳವಳ್ಳಿಯವನು.

"ನಿನ್ ಪಕ್ಕ ಕುಂತ್ಕತೀನಿ ಕಣಪ್ಪ," ಎಂದೆ ಅವನಿಗೆ. "ನೀನ್ ನೋಡಿದ್ಮೇಲೆ ಆ ಉಂಡೆ ನಂಗ್ ಕೊಡು."

"ನಿಮ್ಗಾ? ಅಣ್ಣ, ಊರ್ ನಗ್ತದೆ."

"ನಗ್ಲಿ ಬುಡು. ಆಗ್ಲೇ ನಕ್ ಮುಗ್ಸವ್ರೆ."

ಅವನು ಯಜಮಾನರ ಮುಖ ನೋಡಿದ. ಅವರು ತಲೆಯಾಡಿಸಿದರು. ಎಡ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಂಡು, ಕೂಲಿ ಕೇಳದೆ, ನಾನು ಬೋಗುಣಿಯ ಪಕ್ಕ ಕೂತೆ. ಉರಿ ಹಾಕುವವನು ಬಟ್ಟೆ ನೋಡಿ, "ಅದೇನ್ಲಾ?" ಎಂದ. ಹೇಳಿದೆ. ಅವತ್ತಿನಿಂದ ಆ ಬೆರಳಿಗೆ ಆಲೆಮನೆಯಲ್ಲಿ "ಸರ್ಕಾರ್ದೋನು" ಎಂದು ಹೆಸರಾಯಿತು. ಸುಣ್ಣದ ಬಕೆಟ್ಟಿನ ಹತ್ತಿರ ಹೋದರೆ ಸಾಕು, "ಲೇ, ಸರ್ಕಾರ್ದೋನು ಹುಷಾರು" ಎಂದು ಎಲ್ಲರೂ ಕೂಗುವರು.

ಮೊದಲ ವಾರ ಅವನು ಕಟ್ಟಿದ ಉಂಡೆಯನ್ನು ನೀರಿನಿಂದ ತೆಗೆದು ಒತ್ತಿ ನೋಡಿದೆ. ಅದು ತಣ್ಣಗಾದದ್ದು, ಮಕ್ಕಳೂ ನೋಡಬಹುದು. ಎರಡನೆಯ ವಾರ ಇಳಿಸಿದ ಪಾಕ ತಣಿಯುವ ದೋಣಿಯಿಂದ ಚಿವುಟಿದೆ. ಗುಳ್ಳೆ ಎದ್ದವು. ಮನೆಗೆ ಬಂದರೆ ನಮ್ಮನೆಯವಳು ಎಣ್ಣೆಯ ಬಟ್ಟಲು ತಂದಳು. ಬೇಡ ಎಂದೆ. ಅವಳು ನನ್ನ ಮುಖ ನೋಡಿ ಬಟ್ಟಲನ್ನು ಒಳಗಿಟ್ಟಳು. ಗುಳ್ಳೆ ಒಣಗಿ ಸಿಪ್ಪೆ ಎದ್ದು, ಕೆಳಗೆ ಗಟ್ಟಿ ಚರ್ಮ ಬಂತು. ಮೂರನೆಯ ವಾರ ಸೌಟಿಗೆ ಕೈ ಹಾಕಿದೆ. ಸೌಟನ್ನು ಕೊಪ್ಪರಿಗೆಯಿಂದ ಎತ್ತಿ ಮೊದಮೊದಲು ಐದು ಎಣಿಸಿದಮೇಲೆ, ಆಮೇಲಾಮೇಲೆ ಮೂರು ಎಣಿಸಿದಮೇಲೆ. ಪ್ರತಿ ಸಲವೂ ಅವನು "ಇಳಿಸ್ರಿ" ಎನ್ನುವುದಕ್ಕೆ ಸರಿಯಾಗಿ ನಾನೂ ಮನಸ್ಸಿನಲ್ಲೇ "ಈಗ" ಎಂದುಕೊಳ್ಳಲು ನೋಡುತ್ತಿದ್ದೆ. ಒಂದು ಸಲ ನಾನು ಮುಂದೆ, ಒಂದು ಸಲ ಹಿಂದೆ. ಹದಿನೆಂಟನೆಯ ದಿನ ಮೂರು ಕೊಪ್ಪರಿಗೆಯಲ್ಲೂ ನನ್ನ ಅಂದಾಜು ತಪ್ಪಿ, ಎದ್ದು ಹೋಗಿ ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ನಿಂತುಕೊಂಡೆ. ತೊಟ್ಟಿಲ ಶಾಸ್ತ್ರಕ್ಕೆ ಹನ್ನೆರಡು ದಿನ ಉಳಿದಿತ್ತು. ಬೇರೆ ಕೈಯ ಬೆಲ್ಲ ಹಂಚುವುದಾದರೆ ಏನು ಎಂದು ಮೊದಲ ಸಲ ಯೋಚಿಸಿದೆ. ಯೋಚನೆ ಪೂರ್ತಿ ಮಾಡಲಾಗದೆ ವಾಪಸು ಬಂದು ಕೂತೆ.

ಒಂದು ಮಾತು ಹೇಳಬೇಕು. ಹೀಗೆ ಪಕ್ಕದಲ್ಲಿ ಕೂತಿದ್ದಾಗಲೇ ನನಗೆ ಕೊಪ್ಪರಿಗೆಯ ಗೊಣಗು ಸರಿಯಾಗಿ ಕೇಳಿಸಿದ್ದು. ಪಾಕ ಹತ್ತಿರವಾದಂತೆ ಸೌಟು ಮಣಿಕಟ್ಟಿಗೆ ಭಾರವಾಗುವುದು ತಿಳಿದದ್ದು. ಅವೆಲ್ಲ ಇಷ್ಟು ವರ್ಷವೂ ಇದ್ದಿರಬೇಕು. ಬೆರಳು ದೊಡ್ಡ ಗಂಟಲಲ್ಲಿ ಮಾತಾಡುತ್ತಿದ್ದರಿಂದ ಅವುಗಳ ಮಾತು ನನಗೆ ಕೇಳಿಸಿರಲಿಲ್ಲ.

ಶಾಸ್ತ್ರಕ್ಕೆ ಎರಡು ದಿನ ಮುಂಚೆ ಯಜಮಾನರು, "ನೋಡಯ್ಯ, ಮಧ್ಯಾಹ್ನದ್ ಕೊಪ್ಪರಿಗೆ ನಿಂದು" ಎಂದರು. ಗಾಣಕ್ಕೆ ಬಂದಿದ್ದ ಕಬ್ಬು ನೋಡಿದೆ. ಅದೇ ಚೌಳು ಗದ್ದೆಯ ಕೂಳೆ ಕಬ್ಬು. ಬೇರೆ ದಿನ ಕೇಳೋಣ ಎಂದುಕೊಂಡೆ, ದಿನವೇ ಇರಲಿಲ್ಲ.

ಮಡ್ಡಿ ತೆಗೆಸಿದೆ. ಸುಣ್ಣದ ತಿಳಿ ಒಂದು ಕೈ ಕಡಿಮೆ ಹಾಕಿಸಿದೆ. ಗುಳ್ಳೆ ಕೂತಿತು, ಕೊಪ್ಪರಿಗೆ ಗೊಣಗಿತು. ಚಿವುಟಿದೆ. ಬಿಸಿ ಇತ್ತು. ಇದ್ದರೂ ಅದರ ಆಚೆಗೆ ಉಂಡೆ ಸಿಕ್ಕಿತು, ಮೆತ್ತಗೆ, ಸ್ವಲ್ಪ ಜಾರುತ್ತ. ಚೌಳಿನ ಜಾರು. "ಉರಿ ಹಿಂದಕ್ಕೆಳೀಲಾ" ಎಂದೆ. ಉರಿ ಹಾಕುವವನು ಕೂಡಲೇ ಎಳೆದ. ಮತ್ತೆ ಚಿವುಟಿದೆ, ಮತ್ತೆ. ಮಳವಳ್ಳಿಯವನು ಪಕ್ಕದಲ್ಲೇ ಕೂತಿದ್ದ. ಒಂದು ಸಲ ಅವನ ಕೈ ಬೋಗುಣಿಯ ಕಡೆಗೆ ಬಂತು, ತಾನೂ ನೋಡೋಣ ಎಂದು. ಅರ್ಧಕ್ಕೆ ನಿಲ್ಲಿಸಿ, ಎರಡೂ ಕೈ ಕಂಕುಳಿಗೆ ಸೇರಿಸಿಕೊಂಡ.

"ಇಳಿಸ್ರಿ," ಎಂದೆ.

ತೊಟ್ಟಿಲಿಗೆ ಹಾಕಿದ ದಿನ ಬೆಲ್ಲ ಹಂಚುವಾಗ ಮಳವಳ್ಳಿಯವನೂ ಬಂದಿದ್ದ. ಅಚ್ಚು ಮುರಿದು, ಒಳಗಿನ ಕಾಳು ನೋಡಿ, ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಅವತ್ತಿನ್ ಚೌಳ್ ಗದ್ದೆದೇನಾ?" ಎಂದು, ತಾನೇ ಪಕ್ಕದಲ್ಲಿ ಕೂತು ನೋಡಿದ್ದರೂ, ಕೇಳಿದ. ಹೌದೆಂದೆ. ಇನ್ನೊಂದು ಚೂರು ತೆಗೆದುಕೊಂಡು ಊಟಕ್ಕೆ ಹೋದ. ಇಷ್ಟು ವರ್ಷದಲ್ಲಿ ನನ್ನ ಬೆಲ್ಲಕ್ಕೆ ಯಾರಾದರೂ ಹೇಳಿದ ದೊಡ್ಡ ಮಾತು ಅದೇ.

ಬಂದ ಹೆಂಗಸರ ಹಾಡು ಮುಗಿದಮೇಲೆ ನಾನು ತೊಟ್ಟಿಲ ಹತ್ತಿರ ಬಗ್ಗಿದೆ. ಕೂಸು ಎಚ್ಚರವಾಗಿತ್ತು. ಕೈ ಚಾಚಿ, ಬಟ್ಟೆ ಸುತ್ತಿದ್ದ ನನ್ನ ಎಡ ಹೆಬ್ಬೆಟ್ಟನ್ನು ಹಿಡಿದು ಎಳೆಯತೊಡಗಿತು. ಬಟ್ಟೆ ಬಿಚ್ಚಿಹೋಗುವಷ್ಟು ಜೋರು, ನನ್ನ ಮೂಗಿನವಳಲ್ಲವೇ.

"ಅದ್ನ ಬುಡು ಕಣವ್ವ, ಅದು ಸರ್ಕಾರದ್ದು," ಎಂದು ಬಲಗೈ ಬೆರಳು ಕೊಟ್ಟೆ. "ಇದ್ ಇಡ್ಕೊ. ಇದು ನಂದು."